ಕನಾರ್ಟಕ ರಾಜ್ಯ, ಮಲ್ಲಿಕಾಜುರ್ನ ಕಾಕಾ ಮತ್ತು ನಾನು ಬರೆದ ಕನ್ವರ್ಟರ್

ಬ್ಲಾಗ್ ಕಡೆ ತಲೆ ಹಾಕಿ ತುಂಬಾ ದಿನ ಆಯ್ತು. ಆಫೀಸು, ರಿಲೀಸು, ಮತ್ತೆ ಆಫೀಸು... ಇವತ್ತು ಬರೀಲೇಬೇಕು ಅನ್ನಿಸಿದ್ದು ಸಿಟ್ಟಿಗೆ. ಅರ್ಧ ಸಿಟ್ಟು ನಿಮ್ಮ ಮೇಲೆ, ಅರ್ಧ ನನ್ನ ಮೇಲೆ. ಯಾರ ಪಾಲು ಎಷ್ಟು ಅನ್ನೋದನ್ನ ಓದಿ ಮುಗಿಸಿದ ಮೇಲೆ ನೀವೇ ಹಂಚಿಕೊಳ್ಳಿ.

ಮೊದಲು ಒಂದು ಕೆಲಸ ಮಾಡಿ. ಯಾವುದಾದರೂ ಸರ್ಚ್ ಎಂಜಿನ್ ತೆಗೆದು "ಕನಾರ್ಟಕ" ಅಂತ ಹುಡುಕಿ. ಹೌದು, ತಪ್ಪಾಗಿಯೇ ಟೈಪ್ ಮಾಡಿ. ಬೇಕಿದ್ದರೆ "ಕಾಯರ್ಕ್ರಮ", "ವಿದ್ಯಾಥಿರ್", "ನಿಮಾರ್ಣ" ಇವನ್ನೂ ನೋಡಿ. ಸುದ್ದಿ, ನೋಟೀಸು, ಪಿಎಚ್‌ಡಿ ಪ್ರಬಂಧ, ಪುಸ್ತಕದ ಮುನ್ನುಡಿ, ಎಲ್ಲಾ ಕಡೆ ಇವೆ. ಇದು ಯಾರೋ ಕನ್ನಡ ಬರದವರು ಟೈಪ್ ಮಾಡಿದ್ದಲ್ಲ. ಕನ್ನಡ ಚೆನ್ನಾಗಿ ಬಲ್ಲವರು ನುಡಿಯಲ್ಲೋ ಬರಹದಲ್ಲೋ ಸರಿಯಾಗಿ ಟೈಪ್ ಮಾಡಿದ್ದನ್ನ ನಮ್ಮಂಥ ಇಂಜಿನಿಯರುಗಳು ಯೂನಿಕೋಡಿಗೆ ಬದಲಾಯಿಸುವಾಗ ಕೆಡಿಸಿದ್ದು. ಬರೆದವರದ್ದು ಏನೂ ತಪ್ಪಿಲ್ಲ. ತಪ್ಪು ಪ್ರೋಗ್ರಾಂನದ್ದು, ಅಂದರೆ ಪ್ರೋಗ್ರಾಂ ಬರೆದವನದ್ದು.

ನನ್ನ ಕಾಕಾನ ಹೆಸರು ಮಲ್ಲಿಕಾರ್ಜುನ. ನಮ್ಮ ಕಡೆ ಒಂದು ಓಣಿಯಲ್ಲಿ ನಿಂತು ಈ ಹೆಸರು ಕೂಗಿದರೆ ನಾಲ್ಕು ಮನೆಯ ಬಾಗಿಲು ತೆಗೀತವೆ. ಅಷ್ಟು ಸಾಮಾನ್ಯ ಹೆಸರು. ಹೋದ ವರ್ಷ ರಜೆಗೆ ಅಂತ ಸೇಡಂನಲ್ಲಿ ಇಳಿದು ಕಾಳಗಿಗೆ ಹೋದಾಗ ಕಾಕಾ ಒಂದು ಹಾಳೆ ತಂದು ನನ್ನ ಮುಂದೆ ಇಟ್ಟರು.

"ಏನೋ ತಮ್ಮಾ, ನೀ ಕಂಪ್ಯೂಟರ್ ಕಲ್ತಾಂವ. ನನ್ನ ಹೆಸರು ಹಿಂಗ್ಯಾಕ ಆಗ್ಯಾದ ನೋಡು. ಇದು ನಿಂದಲ್ಲ ಅನ್ಲಿಕತ್ತಾರ."

ಹಾಳೆಯಲ್ಲಿ ಇದ್ದದ್ದು "ಮಲ್ಲಿಕಾಜುರ್ನ". ಒಂದು ಸಂಘದ ಸದಸ್ಯರ ಪಟ್ಟಿ ಅದು. ಆಧಾರ್ ಕಾರ್ಡಿನಲ್ಲಿ ಮಲ್ಲಿಕಾರ್ಜುನ, ಪಾಸ್‌ಬುಕ್ಕಿನಲ್ಲಿ ಮಲ್ಲಿಕಾರ್ಜುನ, ಪಟ್ಟಿಯಲ್ಲಿ ಮಾತ್ರ ಮಲ್ಲಿಕಾಜುರ್ನ. ಹೆಸರು ತಾಳೆ ಆಗಲಿಲ್ಲ, ಕೆಲಸ ನಿಂತಿತು. ಛಾಪಾ ಕಾಗದ ತಂದು "ಇಬ್ಬರೂ ಒಬ್ಬರೇ" ಅಂತ ಅಫಿಡವಿಟ್ ಮಾಡಿಸಿಕೊಂಡು ಬನ್ನಿ ಅಂದರಂತೆ. ಅರವತ್ತು ದಾಟಿದ ಮನುಷ್ಯ, ತೊಗರಿ ರಾಶಿ ಬಿಟ್ಟು, ತಾನು ತಾನೇ ಅಂತ ಸಾಬೀತು ಮಾಡೋಕೆ ಬಸ್ಸು ಹತ್ತಿ ಓಡಾಡಿದರು. ಪಟ್ಟಿಯಲ್ಲಿ ಅವರೊಬ್ಬರೇ ಅಲ್ಲ. ದುರ್ಗಪ್ಪ "ದುಗರ್ಪ್ಪ" ಆಗಿದ್ದ, ಪಾರ್ವತಮ್ಮ "ಪಾವರ್ತಮ್ಮ" ಆಗಿದ್ದಳು. ಹೆಸರಲ್ಲಿ ಅರ್ಕಾವತ್ತು ಇದ್ದವರೆಲ್ಲ ಕೆಟ್ಟರು. ಇಲ್ಲದವರು ಬಚಾವ್!

ಪಟ್ಟಿ ಯಾರು ಮಾಡಿದ್ದು ಅಂತ ವಿಚಾರಿಸಿದೆ. ಒಬ್ಬ ಡಿಟಿಪಿ ಮಾಡುವ ಹುಡುಗ, ನನ್ನ ಜೊತೆಗೇ ಶಾಲೆ ಕಲಿತವನು. "ಹಳೇ ನುಡಿ ಫೈಲ್ ಇತ್ತು, ಯೂನಿಕೋಡ್ ಮಾಡಿ ಕೊಡು ಅಂದ್ರು. ನೀನೇ ಕೊಟ್ಟಿದ್ದೆಲ್ಲೋ ಮಾರಾಯಾ, ಆ ಕನ್ವರ್ಟರ್ ಹಾಕಿದೆ" ಅಂದ.

ಹ್ಞೂಂ. ನಾನೇ. ಇಂಜಿನಿಯರಿಂಗ್ ಕೊನೇ ವರ್ಷ ಹಾಸ್ಟೆಲ್ಲಿನಲ್ಲಿ ಕೂತು ಒಂದು ರಾತ್ರಿಯಲ್ಲಿ ಬರೆದು "ಕೇವಲ 190 ಸಾಲಿನ ಸರಳ ಕನ್ವರ್ಟರ್" ಅಂತ ಜಂಬದಿಂದ ಹಂಚಿದ್ದೆ. ನಿಮ್ಮಲ್ಲೂ ಕೆಲವರು ತಗೊಂಡಿದ್ದೀರಿ. ನಿಮ್ಮಲ್ಲಿ ಕೆಲವರು ಅದೇ ತರದ್ದನ್ನ ಬರೆದು ಹಂಚಿದ್ದೀರಿ, ಈಗಲೂ ಹಂಚುತ್ತಿದ್ದೀರಿ. ಅದಕ್ಕೇ ಈ ಜಗಳ.

ಆ 190 ಸಾಲಿನಲ್ಲಿ ಏನಿತ್ತು ಅಂದರೆ, ಬರೀ ಹುಡುಕು-ಬದಲಿಸು. ಈ ಚಿಹ್ನೆ ಕಂಡರೆ ಆ ಅಕ್ಷರ ಹಾಕು. ಆಮೇಲೆ ಮುಂದಿನದು, ಆಮೇಲೆ ಅದರ ಮುಂದಿನದು. ಮಣಿ ಪೋಣಿಸಿದ ಹಾಗೆ. ಇದು ಯಾಕೆ ಕೆಡುತ್ತದೆ ಅನ್ನೋದು ಗೊತ್ತಾಗಬೇಕಾದರೆ ಹಳೇ ನುಡಿ ಫೈಲಿನ ಹೊಟ್ಟೆಯೊಳಗೆ ಏನಿದೆ ಅಂತ ನೋಡಬೇಕು.

ಹಳೇ ನುಡಿ ಫಾಂಟುಗಳಲ್ಲಿ ಕನ್ನಡದ ಅಕ್ಷರ ಅನ್ನೋದೇ ಇಲ್ಲ, ಇರೋದು ಅಕ್ಷರದ ಚೂರುಗಳು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ತಲೆಕಟ್ಟು, ಗುಡಿಸು, ಕೊಂಬು, ಒತ್ತು ಅಂತ ಚೂರುಗಳನ್ನ ಕೂರಿಸಿದ್ದಾರೆ. ಕಾಗದದ ಮೇಲೆ ಎಡದಿಂದ ಬಲಕ್ಕೆ ಹೇಗೆ ಕಾಣಬೇಕೋ ಅದೇ ಕ್ರಮದಲ್ಲಿ ಚೂರು ಜೋಡಿಸುತ್ತಾ ಹೋಗೋದು. ಮುದ್ರಣಕ್ಕೆ ಇದು ಬೇಕಾದಷ್ಟಾಯಿತು. ಆ ಕಾಲಕ್ಕೆ ಅದನ್ನ ಮಾಡಿದವರಿಗೆ ನನ್ನ ನಮಸ್ಕಾರ ಇದೆ. ಯೂನಿಕೋಡ್ ಕ್ರಮ ಬೇರೆ. ಬಾಯಲ್ಲಿ ಹೇಗೆ ಉಚ್ಚರಿಸುತ್ತೀವೋ ಹಾಗೆ. ಕರ್ನಾಟಕ ಅನ್ನುವಾಗ ನಾ-ಗಿಂತ ಮೊದಲು ರ್ ಬರುತ್ತದೆ, ಆದ್ದರಿಂದ ಯೂನಿಕೋಡಿನಲ್ಲಿ ಕ, ರ, ಹಲಂತ, ನ, ಆ-ಚಿಹ್ನೆ, ಟ, ಕ, ಒಟ್ಟು ಏಳು. ನುಡಿಯಲ್ಲಿ ಕ, ನಾ, ಅದರ ಬೆನ್ನಿಗೆ ಅರ್ಕಾವತ್ತಿನ ಚೂರು, ಆಮೇಲೆ ಟ, ಕ. ಕಣ್ಣಿಗೆ ಕಾಣೋದು ಹಾಗೇ ತಾನೇ? ಈಗ ಆ ಅರ್ಕಾವತ್ತಿನ ಚೂರು ಇದ್ದಲ್ಲೇ "ರ್" ಅಂತ ಬದಲಿಸಿ ನೋಡಿ. ಕ, ನಾ, ರ್, ಟ, ಕ. ಕನಾರ್ಟಕ! ರಾಜ್ಯದ ಹೆಸರು ಕೆಡೋಕೆ ಒಂದೇ ಒಂದು ಸಾಲು ಸಾಕಾಯಿತು.

ಒತ್ತಕ್ಷರದ ಕಥೆಯೂ ಇದೇ. "ಲ್ಲಿ" ಅಂದರೆ ನುಡಿಯಲ್ಲಿ ಮೊದಲು ಲಿ, ಆಮೇಲೆ ಕೆಳಗಿನ ಲ-ಒತ್ತು. ಇದ್ದಲ್ಲೇ ಬದಲಿಸಿದರೆ ಸ್ವರಚಿಹ್ನೆಯ ಮೇಲೆ ಹಲಂತ ಬಂದು ಕೂರುತ್ತದೆ, ತೆರೆಯ ಮೇಲೆ ಚುಕ್ಕಿ ವೃತ್ತ ಮೂಡುತ್ತದೆ. ಹಳೇ ವೆಬ್‌ಪುಟಗಳಲ್ಲಿ "ಅಲಿ್ಲ", "ಇಲಿ್ಲ" ಅಂತ ನೋಡಿರ್ತೀರಿ. ಇನ್ನು "ಪ್ರೋತ್ಸಾಹ" ತಗೊಳ್ಳಿ. ಬರೀ "ಪ್ರೋ" ಒಂದಕ್ಕೇ ನುಡಿಯಲ್ಲಿ ಐದು ಚೂರು: ಪ, ಎತ್ವ, ಓತ್ವದ ಬಾಲ, ರ-ಒತ್ತು, ಕೊನೆಗೆ ದೀರ್ಘ. ಒತ್ತು ಬಂದು ಸ್ವರಚಿಹ್ನೆಯ ನಡುವೆ ಕೂತಿದೆ. ಯೂನಿಕೋಡಿನಲ್ಲಿ ಪ, ಹಲಂತ, ರ, ಮತ್ತು ಇಡೀ ಓ-ಚಿಹ್ನೆ ಒಂದು. ನಾಲ್ಕೇ.

ನನಗೆ ಬಹಳ ಇಷ್ಟವಾದದ್ದು ಮ. ನುಡಿಯಲ್ಲಿ ಮ ಅನ್ನೋ ಚೂರೇ ಇಲ್ಲ. ವ ಬರೆದು ಕೊಂಬು ಹಾಕಿದರೆ ಅದು ಮ. ಕೈಯಲ್ಲಿ ಬರೆದು ನೋಡಿ, ಹಾಗೇ ಇದೆಯಲ್ವಾ! ಆದರೆ ಅದೇ ಕೊಂಬಿನ ಚೂರು ಕ-ದ ಮುಂದೆ ಬಂದರೆ ಕು, ತ-ದ ಮುಂದೆ ಬಂದರೆ ತು. "ಮತ್ತು" ಅನ್ನೋ ಪದದಲ್ಲಿ ಒಂದೇ ಚೂರು ಎರಡು ಸಲ ಬರುತ್ತದೆ, ಮೊದಲ ಸಲ ಅದು ಮ-ದ ಬಾಲ, ಎರಡನೇ ಸಲ ನಿಜವಾದ ಕೊಂಬು. ಹಾಗಾದರೆ ಹೇಳಿ, "ಕೊಂಬಿನ ಚೂರು ಕಂಡರೆ ಉ-ಚಿಹ್ನೆ ಹಾಕು" ಅನ್ನೋ ಸಾಲಿಗೆ ಏನು ಅರ್ಥ? ಅಕ್ಕಪಕ್ಕ ಯಾರಿದ್ದಾರೆ ಅಂತ ನೋಡದೆ ಅದು ಏನು ಅಂತ ಹೇಳೋಕೆ ಆಗೋದೇ ಇಲ್ಲ.

ಇಲ್ಲಿಗೆ ನನ್ನ ವಾದ. ಕನ್ನಡವನ್ನ ಬದಲಿಸುವಾಗ ಹುಡುಕಬೇಕಾದದ್ದು ಚಿಹ್ನೆಯನ್ನಲ್ಲ, ಇಡೀ ಅಕ್ಷರವನ್ನ. ರೆಗ್ಯುಲರ್ ಎಕ್ಸ್‌ಪ್ರೆಶನ್ ಅದನ್ನ ಹಿಡಿದು ಕೊಡಲಿ. ಏನು ಹಾಕಬೇಕು ಅನ್ನೋ ತೀರ್ಮಾನ ಮಾತ್ರ ಒಂದು ಕಾಲ್‌ಬ್ಯಾಕ್ ಫಂಕ್ಷನ್ನಿಗೆ ಬಿಡಿ.

ಕಾಲ್‌ಬ್ಯಾಕ್ ಅಂದರೆ ಗಾಬರಿ ಬೀಳಬೇಡಿ. ನಮ್ಮ ಕಾಳಗಿ-ಸೇಡಂ ಬಸ್ಸು ನೆನಪು ಮಾಡಿಕೊಳ್ಳಿ. ಸಾದಾ ಬದಲಿಸು ಅಂದರೆ, ಕಂಡಕ್ಟರು ಹತ್ತಿದ ಪ್ರತಿಯೊಬ್ಬರಿಗೂ ಏನೂ ಕೇಳದೆ ಸೇಡಂ ಟಿಕೆಟ್ ಹರಿದು ಕೊಟ್ಟ ಹಾಗೆ. ಕಾಲ್‌ಬ್ಯಾಕ್ ಅಂದರೆ ಪ್ರತಿ ಸೀಟಿನ ಹತ್ತಿರ ನಿಂತು "ಎಲ್ಲಿಗ್ರಿ?" ಅಂತ ಕೇಳಿ ಟಿಕೆಟ್ ಕೊಡೋದು. ಪೈಥಾನಿನಲ್ಲಿ ಬದಲಿಸುವ ಫಂಕ್ಷನ್ನಿಗೆ ಬದಲಿ ಪಠ್ಯದ ಜಾಗದಲ್ಲಿ ನಿಮ್ಮದೇ ಫಂಕ್ಷನ್ ಒಂದನ್ನ ಕೊಟ್ಟರೆ ಆಯಿತು. ಪ್ಯಾಟರ್ನ್ ಎಲ್ಲೆಲ್ಲಿ ಸಿಕ್ಕಿತೋ ಅಲ್ಲೆಲ್ಲ ಎಂಜಿನ್ ನಿಮ್ಮ ಫಂಕ್ಷನ್ನನ್ನ ಕರೆದು, "ನೋಡು, ಇದು ಸಿಕ್ಕಿದೆ, ಏನು ಹಾಕಲಿ?" ಅಂತ ಕೇಳುತ್ತದೆ. ನೀವು ವಾಪಸ್ ಕೊಟ್ಟದ್ದು ಆ ಜಾಗಕ್ಕೆ ಹೋಗುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಇದೆ, ರೂಬಿಯಲ್ಲಿ ಬ್ಲಾಕ್ ಅಂತ ಇದೆ, ಪಿಎಚ್‌ಪಿಯಲ್ಲಿ ಇದಕ್ಕೆ ಅಂತಲೇ ಬೇರೆ ಫಂಕ್ಷನ್ ಇದೆ, ಪರ್ಲ್‌ನಲ್ಲಂತೂ ಒಂದಕ್ಷರದ ಬಾಲ ಹಚ್ಚಿದರೆ ಸಾಕು. ಯಾವುದೂ ಹೊಸದಲ್ಲ.

ನನ್ನ ಹೊಸ ಕನ್ವರ್ಟರಿನಲ್ಲಿ ಪ್ಯಾಟರ್ನ್ ಒಂದೇ: ಮೂಲಾಕ್ಷರದ ಚೂರು, ಅದರ ಹಿಂದೆ ಬರಬಹುದಾದ ಸ್ವರದ ಚೂರುಗಳು, ಒತ್ತುಗಳು, ದೀರ್ಘ, ಕಟ್ಟಕಡೆಗೆ ಅರ್ಕಾವತ್ತು. ಫಂಕ್ಷನ್ ಇವನ್ನ ಬುಟ್ಟಿಗಳಿಗೆ ಬೇರ್ಪಡಿಸುತ್ತದೆ. ಅರ್ಕಾವತ್ತು ಇದ್ದರೆ ರ್ ಮೊದಲು, ಆಮೇಲೆ ಮೂಲಾಕ್ಷರ, ಆಮೇಲೆ ಒಂದೊಂದು ಒತ್ತಿಗೂ ಹಲಂತ ಮತ್ತು ವ್ಯಂಜನ, ಕೊನೆಗೆ ಸ್ವರದ ಚೂರುಗಳನ್ನೆಲ್ಲ ಕೂಡಿಸಿ ಒಂದು ಚಿಹ್ನೆ. ಮೂಲಾಕ್ಷರ ವ ಆಗಿದ್ದು ಹಿಂದೆ ಕೊಂಬು ಇದ್ದರೆ ಅದನ್ನ ಮ ಅಂತ ಓದು. 40 ಸಾಲೂ ಇಲ್ಲ. ಮಲ್ಲಿಕಾರ್ಜುನ ಮಲ್ಲಿಕಾರ್ಜುನನಾಗಿಯೇ ಹೊರಗೆ ಬಂದ.

ಈಗ ನಿಮ್ಮ ತಕರಾರುಗಳು. ನನಗೆ ಗೊತ್ತು, ಏನೇನು ಬರುತ್ತವೆ ಅಂತ.

"ಅರ್ಕಾವತ್ತು ಹಿಂದೆ ಸರಿಸೋಕೆ ಕಾಲ್‌ಬ್ಯಾಕ್ ಯಾಕ್ರೀ? ಹಿಡಿದದ್ದನ್ನ ಒಂದು, ಎರಡು ಅಂತ ನಂಬರ್ ಹಾಕಿ ಅದಲು ಬದಲು ಮಾಡಿದರೆ ಆಯ್ತು." ನಿಜ. ಅರ್ಕಾವತ್ತು ಒಂದಕ್ಕೇ ಆದರೆ ಬ್ಯಾಕ್‌ರೆಫರೆನ್ಸ್ ಸಾಕು, ಒಪ್ಪಿದೆ. ಆದರೆ "ರ‍್ಯಾಂಕ್" ಬಂದಾಗ ಏನು ಮಾಡ್ತೀರಿ? ಕಾರ್ಯ ಅನ್ನೋದರಲ್ಲಿ ಯ-ದ ಮೇಲೆ ಅರ್ಕಾವತ್ತು. ರ‍್ಯಾಂಕ್ ಅನ್ನೋದರಲ್ಲಿ ಇಡೀ ರ, ಅದಕ್ಕೆ ಯ-ಒತ್ತು. ಯೂನಿಕೋಡಿನಲ್ಲಿ ಎರಡನ್ನೂ ಬೇರೆ ಮಾಡೋಕೆ ಎರಡನೆಯದರಲ್ಲಿ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಿಸುವ ಚಿಹ್ನೆ ಹಾಕಬೇಕು. ಮೂಲಾಕ್ಷರ ರ ಆಗಿದ್ದರೆ, ಒತ್ತು ಇದ್ದರೆ ಮಾತ್ರ. ಇಂಥ ಪ್ರತಿಯೊಂದು "ಆದರೆ"ಗೂ ಒಂದೊಂದು ಹೊಸ ಪ್ಯಾಟರ್ನ್ ಸೇರಿಸುತ್ತಾ ಹೋದರೆ ಮತ್ತೆ 190 ಸಾಲು. ಅದರಲ್ಲಿ 57ನೇ ಸಾಲು ಬರೆದದ್ದನ್ನ 112ನೇ ಸಾಲು ತಿನ್ನುತ್ತದೆ, ಯಾಕೆಂದರೆ ಮೊದಲ ಸಾಲಿನ ಫಲ ಮುಂದಿನ ಸಾಲಿಗೆ ಕಚ್ಚಾ ಮಾಲು. ಕಾಲ್‌ಬ್ಯಾಕ್ ಇದ್ದರೆ ಎಂಜಿನ್ ಎಡದಿಂದ ಬಲಕ್ಕೆ ಒಂದೇ ಸಲ ನಡೆಯುತ್ತದೆ. ನೀವು ಹಾಕಿದ್ದನ್ನ ಮತ್ತೆ ಮುಟ್ಟೋದಿಲ್ಲ.

"ಆಮೇಲೆ ಸರಿಪಡಿಸಿದರೆ ಆಯ್ತು, ತಪ್ಪು ಪದಗಳ ಪಟ್ಟಿ ಮಾಡಿ ಕನಾರ್ಟಕ ಕಂಡಲ್ಲಿ ಕರ್ನಾಟಕ ಹಾಕೋಣ." ಇದನ್ನ ಕೇಳಿದರೆ ನನಗೆ ನಿಜವಾಗಿ ಮೈ ಉರಿಯುತ್ತದೆ. ಮೂಲ ಫೈಲಿನಲ್ಲಿ ಅರ್ಕಾವತ್ತಿನ ಚೂರು ಬೇರೆ, "ಸಾಫ್ಟ್‌ವೇರ್" ಅನ್ನೋದರ ಕೊನೆಯ ಇಡೀ ರ್ ಬೇರೆ. ಅದನ್ನ ಟೈಪ್ ಮಾಡಿದವರು ಆ ವ್ಯತ್ಯಾಸವನ್ನ ಸರಿಯಾಗಿ ಬರೆದು ಕೊಟ್ಟಿದ್ದಾರೆ. ನೀವು ಎರಡನ್ನೂ ಒಂದೇ ರ್ ಮಾಡಿ ಕಲಸಿಬಿಟ್ಟಿರಿ. ಈಗ ಯಾವುದನ್ನ ಹಿಂದೆ ಸರಿಸಬೇಕು, ಯಾವುದನ್ನ ಬಿಡಬೇಕು? ಕಣ್ಣು ಮುಚ್ಚಿ ಎಲ್ಲವನ್ನೂ ಸರಿಸಿದರೆ ಸರಿ ಇದ್ದದ್ದು ಕೆಡುತ್ತದೆ. ನಿಘಂಟು ಇಟ್ಟುಕೊಂಡು ಸರಿಸಿದರೆ ನಿಘಂಟಿನಲ್ಲಿ ಇರುವ ಪದ ಸರಿಯಾಗುತ್ತದೆ. ಕರ್ನಾಟಕ ಅದರಲ್ಲಿ ಇರುತ್ತದೆ. ಪಾರ್ವತಮ್ಮ ಇರುತ್ತಾಳಾ? ನಿಘಂಟಿನಲ್ಲಿ ಇಲ್ಲದ್ದು ಯಾವಾಗಲೂ ಊರ ಹೆಸರು, ಮನೆತನದ ಹೆಸರು, ಮನುಷ್ಯರ ಹೆಸರು. ನೋವಾಗೋದೂ ಅಲ್ಲೇ.

"ರೆಗ್ಯುಲರ್ ಎಕ್ಸ್‌ಪ್ರೆಶನ್ ಹಚ್ಚಿಕೊಂಡವನಿಗೆ ಒಂದಿದ್ದ ಸಮಸ್ಯೆ ಎರಡಾಗುತ್ತದೆ" ಅನ್ನೋ ಹಳೇ ಜೋಕನ್ನೂ ಯಾರಾದರೂ ಹೇಳೇ ಹೇಳ್ತೀರಿ. ಅಪಾಯ ಇಲ್ಲ ಅಂತ ನಾನೆಲ್ಲಿ ಹೇಳಿದೆ? 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್‌ನವರ ಇಡೀ ಜಾಲ 27 ನಿಮಿಷ ಮಲಗಿದ್ದು ಒಂದು ಕೆಟ್ಟ ಪ್ಯಾಟರ್ನ್‌ನಿಂದ. ಅದು ಎಷ್ಟು ಹಿಂದೆ ಮುಂದೆ ಓಡಾಡಿತು ಅಂದರೆ ಸರ್ವರುಗಳಿಗೆ ಬೇರೆ ಕೆಲಸಕ್ಕೆ ಉಸಿರೇ ಇರಲಿಲ್ಲ. ಅದಕ್ಕೂ ಮೊದಲು 2016ರ ಜುಲೈನಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಕೂಡ ಇದೇ ತರ ಬಿದ್ದಿತ್ತು. ಆದರೆ ಗಮನಿಸಿ, ಪ್ಯಾಟರ್ನಿಗೇ ಎಲ್ಲ ಬುದ್ಧಿ ತುಂಬೋಕೆ ಹೋದಾಗ ಪ್ಯಾಟರ್ನ್ ಉದ್ದವಾಗುತ್ತದೆ, ಕೆಡುತ್ತದೆ. ಪ್ಯಾಟರ್ನ್ ದಡ್ಡನಾಗಿಯೇ ಇರಲಿ, ಬುದ್ಧಿ ಫಂಕ್ಷನ್ನಿನಲ್ಲಿ ಇರಲಿ ಅನ್ನೋದೇ ನನ್ನ ಮಾತು.

ನಿಧಾನ ಆಗುತ್ತದೆ ಅಂತೀರಾ? ಆಗುತ್ತದೆ. ಸಿಕ್ಕ ಪ್ರತಿ ಅಕ್ಷರಕ್ಕೂ ಎಂಜಿನ್ ನಿಂತು ಫಂಕ್ಷನ್ ಕರೆಯಬೇಕಲ್ಲ. ನಮ್ಮ ಸಂಘದ ಪಟ್ಟಿ ಚಹಾ ಆರೋದರೊಳಗೆ ಮುಗಿಯಿತು. ಕಾಕಾ ಅಫಿಡವಿಟ್ಟಿಗೆ ಓಡಾಡಿದ ದಿನಗಳನ್ನ ಆ ಲೆಕ್ಕದಲ್ಲಿ ಎಲ್ಲಿ ಸೇರಿಸ್ತೀರಿ?

ಸರಿ, ನುಡಿ ಬಿಡಿ. ಎಲ್ಲ ಯೂನಿಕೋಡ್ ಆಗಿರೋ ಕಡೆಯೂ ಇದೇ ರೋಗ. ನನಗೆ ಗುಂಟೆಯ ಲೆಕ್ಕ ಕಂಡಾಗಲೇ ಇದರ ಆಳ ಹೊಳೆದದ್ದು. ಅದೇ ಸಂಘದ ಪಟ್ಟಿಯಲ್ಲಿ ಹೆಸರಿನ ಪಕ್ಕ ಜಮೀನು ಇತ್ತು, "3-20" ಅಂತ. ಮೂರು ಎಕರೆ ಇಪ್ಪತ್ತು ಗುಂಟೆ. ಎಕ್ಸೆಲ್‌ನಲ್ಲಿ ಕೂಡಿಸಬೇಕಾಗಿ ಬಂದು, ಅಡ್ಡಗೆರೆ ತೆಗೆದು ಚುಕ್ಕಿ ಹಾಕಿ "3.20" ಮಾಡಿದ್ದರು. ಎಕರೆಗೆ 40 ಗುಂಟೆ ಕಣ್ರೀ! ಇಪ್ಪತ್ತು ಗುಂಟೆ ಅಂದರೆ ಅರ್ಧ ಎಕರೆ. ಅದು 3.50 ಆಗಬೇಕು. 3.20 ಅಂದರೆ ಹನ್ನೆರಡು ಗುಂಟೆ ಗಾಳಿಗೆ ಹೋಯಿತು. "2-35" ಅನ್ನೋದು 2.875 ಆಗಬೇಕು, 2.35 ಆಗಿತ್ತು, ಅಂದರೆ ಇಪ್ಪತ್ತೊಂದು ಗುಂಟೆ ನಾಪತ್ತೆ. ಈ ಕೆಲಸವನ್ನ ಯಾವ ಬ್ಯಾಕ್‌ರೆಫರೆನ್ಸೂ ಮಾಡಲಾರದು, ಯಾಕೆಂದರೆ ಇಲ್ಲಿ ಭಾಗಾಕಾರ ಮಾಡಬೇಕು. ಪ್ಯಾಟರ್ನ್ ಎರಡು ಅಂಕಿಗಳನ್ನ ಹಿಡಿದು ಕೊಡುತ್ತದೆ, ಫಂಕ್ಷನ್ ಎರಡನೆಯದನ್ನ 40ರಿಂದ ಭಾಗಿಸಿ ಕೂಡಿಸುತ್ತದೆ. ಎರಡನೇ ಅಂಕಿ 40 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದು ಗುಂಟೆ ಆಗಿರೋಕೆ ಸಾಧ್ಯವೇ ಇಲ್ಲ, ಬಹುಶಃ ಸರ್ವೆ ನಂಬರ್ ಹಿಸ್ಸೆ ಇರಬೇಕು, ಮುಟ್ಟಬೇಡ, ಬದಿಗಿಡು. ಈ ಕೊನೆಯ ಸಾಲು ನೆನಪಿಡಿ, ಮತ್ತೆ ಬರ್ತೀನಿ.

(ಕನ್ನಡ ಅಂಕಿಯನ್ನ ಇಂಗ್ಲಿಷ್ ಅಂಕಿ ಮಾಡೋಕೆ ಮಾತ್ರ ಹತ್ತು ಸಾಲಿನ ಹುಡುಕು-ಬದಲಿಸು ಏನೂ ತೊಂದರೆ ಮಾಡೋದಿಲ್ಲ, ನ್ಯಾಯವಾಗಿ ಹೇಳಬೇಕಾದ್ದು. ಅಲ್ಲಿ ಅಕ್ಕಪಕ್ಕದ ಹಂಗಿಲ್ಲ. ಆದರೂ ಕಾಲ್‌ಬ್ಯಾಕಿನಲ್ಲಿ ಒಂದೇ ಸಾಲು: ಸಂಕೇತ ಸಂಖ್ಯೆಯಿಂದ 3254 ಕಳೆದರೆ ಆಯ್ತು. ಯೂನಿಕೋಡಿನಲ್ಲಿ ಕನ್ನಡದ ಕೋಣೆ ದಶಮಾನದಲ್ಲಿ ಸರಿಯಾಗಿ 3200ರಿಂದ ಶುರುವಾಗಿ 3327ಕ್ಕೆ ಮುಗಿಯುತ್ತದೆ, ಸೊನ್ನೆ 3302ರಲ್ಲಿ ಕೂತಿದೆ. 3200! ಯಾರೋ ಬೇಕಂತಲೇ ಕೊಟ್ಟ ಹಾಗಿದೆ :-) )

ನಮ್ಮ ಕಡೆಯ ಇನ್ನೊಂದು ತಲೆನೋವು ಹೆಸರು ಬದಲಾವಣೆ. 2014ರ ನವೆಂಬರ್ 1ಕ್ಕೆ ಗುಲಬರ್ಗಾ ಹೋಗಿ ಕಲಬುರಗಿ ಬಂತು. ಸಂತೋಷ. ಯಾರೋ ಪುಣ್ಯಾತ್ಮರು ಹಳೇ ಫೈಲುಗಳಲ್ಲಿ ರೀಪ್ಲೇಸ್ ಆಲ್ ಒತ್ತಿದರು. ಗುಲಬರ್ಗಾದಲ್ಲಿ ಇದ್ದದ್ದು "ಕಲಬುರಗಿದಲ್ಲಿ" ಆಯಿತು, ಗುಲಬರ್ಗಾದಿಂದ ಅನ್ನೋದು "ಕಲಬುರಗಿದಿಂದ" ಆಯಿತು. ಕನ್ನಡದಲ್ಲಿ ಪದದ ಕೊನೆಯ ಸ್ವರ ಬದಲಾದರೆ ವಿಭಕ್ತಿಯ ಮೊಗವೂ ಬದಲಾಗುತ್ತದೆ. ಆ ಇದ್ದಲ್ಲಿ ದ, ಇ ಇದ್ದಲ್ಲಿ ಯ. ಕಲಬುರಗಿಯಲ್ಲಿ, ಕಲಬುರಗಿಯಿಂದ, ಕಲಬುರಗಿಗೆ. (ಮಾತಿನಲ್ಲಿ ನಾವು ಕಲಬುರ್ಗ್ಯಾಗ ಅಂತೀವಿ, ಅದು ಬೇರೆ ಮಾತು.) ಇಂಗ್ಲಿಷಿನಲ್ಲಿ ರೀಪ್ಲೇಸ್ ಆಲ್ ಒತ್ತಿ ಎದ್ದು ಹೋಗಬಹುದು, ಅವರ ಊರ ಹೆಸರಿಗೆ ಪ್ರತ್ಯಯ ಅಂಟಿಕೊಳ್ಳೋದಿಲ್ಲ. ನಮ್ಮಲ್ಲಿ ಹೆಸರಿನ ಜೊತೆ ಬಾಲವನ್ನೂ ಹಿಡಿದು ಫಂಕ್ಷನ್ನಿಗೆ ಕೊಡಬೇಕು. ಅದು ಬಾಲ ನೋಡಿ ಹೊಸ ಬಾಲ ಹಚ್ಚಬೇಕು. ಅಷ್ಟೇ ಅಲ್ಲ, ಹಿಂದೆಯೇ "ವಿಶ್ವವಿದ್ಯಾಲಯ" ಅಂತ ಬಂದರೆ ಕೈ ಮುಗಿದು ಬಿಟ್ಟುಬಿಡಬೇಕು, ಯಾಕೆಂದರೆ 1980ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯದ ಹೆಸರು ಇನ್ನೂ ಗುಲಬರ್ಗಾ ವಿಶ್ವವಿದ್ಯಾಲಯವೇ.

ಇದಕ್ಕಿಂತ ಗಟ್ಟಿ ಉದಾಹರಣೆ ನಮ್ಮ ತಾಲ್ಲೂಕು. 2017ರ ಬಜೆಟ್‌ನಲ್ಲಿ 49 ಹೊಸ ತಾಲ್ಲೂಕು ಘೋಷಣೆ ಆದಾಗ ಕಾಳಗಿಯೂ ಅದರಲ್ಲಿತ್ತು, ಶಹಾಬಾದೂ ಇತ್ತು. ಎರಡೂ ಮೊದಲು ಚಿತ್ತಾಪುರ ತಾಲ್ಲೂಕಿನಲ್ಲೇ ಇದ್ದವು. ಈಗ ಹಳೇ ವಿಳಾಸಗಳಲ್ಲಿ "ತಾ. ಚಿತ್ತಾಪುರ" ಅಂತ ಇದೆಯಲ್ಲ, ಅದನ್ನ ಏನು ಮಾಡ್ತೀರಿ? ಊರು ವಾಡಿ ಆದರೆ ಚಿತ್ತಾಪುರ ಹಾಗೇ ಇರಬೇಕು. ಶಹಾಬಾದ ಆದರೆ ಶಹಾಬಾದ. ಕಾಳಗಿ ಆದರೆ ಕಾಳಗಿ. ಒಂದೇ ಪದಕ್ಕೆ ಮೂರು ಉತ್ತರ. ಇನ್ನು ಕೋಡ್ಲಿ, ರಟಕಲ್ ಕಡೆಯವು "ತಾ. ಚಿಂಚೋಳಿ" ಅಂತ ಇದ್ದವು, ಅವೂ ಕಾಳಗಿಗೆ ಬಂದವು. ಚಿಂಚೋಳಿಯ ಉಳಿದ ಊರುಗಳು ಅಲ್ಲೇ ಉಳಿದವು. ಪ್ಯಾಟರ್ನಿಗೆ ಊರೂ ತಾಲ್ಲೂಕೂ ಸೇರಿಸಿ ಹಿಡಿಯೋದು ಗೊತ್ತು, ಯಾವ ಊರು ಎಲ್ಲಿಗೆ ಹೋಯಿತು ಅನ್ನೋದು ಗೊತ್ತಿಲ್ಲ. ಅದಕ್ಕೆ ಒಂದು ಕೋಷ್ಟಕ ಬೇಕು, ಕೋಷ್ಟಕ ನೋಡೋಕೆ ಒಂದು ಫಂಕ್ಷನ್ ಬೇಕು. ಬೇರೆ ದಾರಿ ಇಲ್ಲ ಸ್ವಾಮಿ.

ಪ್ಯಾಟರ್ನ್ ಬಗ್ಗೆಯೂ ಒಂದು ಎಚ್ಚರಿಕೆ, ಇಲ್ಲದಿದ್ದರೆ ಎಷ್ಟು ಒಳ್ಳೇ ಫಂಕ್ಷನ್ ಬರೆದರೂ ಅದಕ್ಕೆ ಹೋಗೋದು ಅರ್ಧಂಬರ್ಧ ಮಾಲು. ಪದ ಹಿಡಿಯೋಕೆ ಎಲ್ಲರೂ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಬರೀತೀವಿ. ಪೈಥಾನಿನ ಜೊತೆಗೇ ಬರುವ ಎಂಜಿನ್ನಿಗೆ ಅಕ್ಷರ ಅಂದರೆ ಅಕ್ಷರ ಮಾತ್ರ, ಸ್ವರಚಿಹ್ನೆ, ಹಲಂತ, ಅನುಸ್ವಾರ ಯಾವುದೂ ಅದರ ಲೆಕ್ಕಕ್ಕೆ ಇಲ್ಲ. "ಕಾಳಗಿ" ಕೊಟ್ಟರೆ ಅದು ಎರಡು ಪದ ಅಂತ ಹೇಳುತ್ತದೆ: "ಕ" ಮತ್ತು "ಳಗ". ಸೇಡಂ ಹೋಗಿ ಸ, ಡ. ವಾಡಿ ಹೋಗಿ ವ, ಡ. ಚಿತ್ತಾಪುರ ಐದು ತುಂಡು. ಶಹಾಬಾದ ಶಹ, ಬ, ದ. ಚಿಂಚೋಳಿ ಚ, ಚ, ಳ, ಯಾರೋ ಚಳಿಗೆ ಹಲ್ಲು ಕಡಿದ ಹಾಗೆ! ಜಾವಾಸ್ಕ್ರಿಪ್ಟಿನಲ್ಲಿ ಇನ್ನೂ ಚೆಂದ, ಅದರ ಡಬ್ಲ್ಯೂಗೆ ಇಂಗ್ಲಿಷ್ ಅಕ್ಷರ, ಅಂಕಿ, ಕೆಳಗೆರೆ ಬಿಟ್ಟರೆ ಪ್ರಪಂಚವೇ ಇಲ್ಲ. ಪರ್ಲ್ ಇದನ್ನ ಸರಿಯಾಗಿ ಮಾಡುತ್ತದೆ. ಪೈಥಾನಿಗೂ ಹೊರಗಿನಿಂದ ಹಾಕಿಕೊಳ್ಳಬಹುದಾದ ಇನ್ನೊಂದು ರೆಜೆಕ್ಸ್ ಮಾಡ್ಯೂಲ್ ಇದೆ, ಅದು ಸರಿ ಮಾಡುತ್ತದೆ. ಅಥವಾ 3200ರಿಂದ 3327ರ ವ್ಯಾಪ್ತಿಯನ್ನೇ ಕೈಯಾರೆ ಬರೆದುಕೊಳ್ಳಿ. ನಾನು ಅದನ್ನೇ ಮಾಡೋದು.

ಇನ್ನೂ ಒಳಗೆ ಹೋಗಬೇಕು ಅನ್ನೋರಿಗೆ: ಹೊಂದಾಣಿಕೆ ಮುಗಿದ ಮೇಲೆ ಕರೆಯೋದಷ್ಟೇ ಅಲ್ಲ, ಹೊಂದಾಣಿಕೆ ನಡೀತಾ ಇರುವಾಗಲೇ ಕರೆಯೋದೂ ಉಂಟು. ಪಿಸಿಆರ್‌ಇ ಲೈಬ್ರರಿಯಲ್ಲಿ ಕಾಲ್‌ಔಟ್ ಅಂತಾರೆ. ಪ್ಯಾಟರ್ನಿನ ಮಧ್ಯದಲ್ಲಿ ಗುರುತು ಹಾಕಿದರೆ ಎಂಜಿನ್ ಅಲ್ಲಿಗೆ ಬಂದಾಗ ನಿಮ್ಮ ಫಂಕ್ಷನ್ನನ್ನ ಕೇಳುತ್ತದೆ. ಸೊನ್ನೆ ಕೊಟ್ಟರೆ ಮುಂದೆ ಹೋಗುತ್ತದೆ, ಸೊನ್ನೆಗಿಂತ ಹೆಚ್ಚು ಕೊಟ್ಟರೆ "ಈ ದಾರಿ ಬೇಡ" ಅಂತ ಹಿಂದೆ ಸರಿದು ಬೇರೆ ದಾರಿ ಹುಡುಕುತ್ತದೆ, ಋಣ ಸಂಖ್ಯೆ ಕೊಟ್ಟರೆ ಹುಡುಕಾಟವನ್ನೇ ಕೈಬಿಡುತ್ತದೆ. "ರಟಕಲ್" ಅಂತ ಸಿಕ್ಕಿದ್ದು ನಮ್ಮ ಊರ ಪಟ್ಟಿಯಲ್ಲಿ ಇದೆಯಾ ಅಂತ ಅಲ್ಲೇ ನಿಂತು ಕೇಳಬಹುದು. ನನಗೆ ಇಲ್ಲಿಯವರೆಗೆ ಅಷ್ಟು ಬೇಕಾಗಿಲ್ಲ.

ಒಂದೇ ಒಂದು ಕಡೆ ಮಾತ್ರ ನಿಮ್ಮ ಭಯ ಸರಿ. ಫಂಕ್ಷನ್ ಕೊಡಿ ಅಂದರೆ ಕೆಲವರು ಪಠ್ಯವನ್ನೇ ಪ್ರೋಗ್ರಾಂ ಅಂತ ಓಡಿಸ್ತಾರೆ. ಪಿಎಚ್‌ಪಿಯಲ್ಲಿ ಹಿಂದೆ ಅದಕ್ಕೆ ಅಂತಲೇ "ಇ" ಅನ್ನೋ ಬಾಲ ಇತ್ತು. ಬದಲಿ ಪಠ್ಯವನ್ನ ಕೋಡ್ ಅಂತ ತಿಳಿದು ಓಡಿಸುತ್ತಿತ್ತು. ಯಾರೋ ಕಿಡಿಗೇಡಿ ಪಠ್ಯದೊಳಗೆ ಕೋಡ್ ಸೇರಿಸಿ ಕಳಿಸಿದರೆ ನಿಮ್ಮ ಸರ್ವರ್ ಅವನದ್ದು. 2013ರಲ್ಲಿ 5.5ನೇ ಆವೃತ್ತಿಯಲ್ಲಿ "ಬಳಸಬೇಡಿ" ಅಂದರು, 2015ರಲ್ಲಿ 7.0 ಬಂದಾಗ ಕಿತ್ತೇ ಹಾಕಿದರು. ಹಳೇ ಉಚಿತ ಹೋಸ್ಟಿನಲ್ಲಿ ಹಳೇ ಕನ್ವರ್ಟರ್ ಇಟ್ಟುಕೊಂಡವರು ದಯವಿಟ್ಟು ಒಮ್ಮೆ ತೆಗೆದು ನೋಡಿ.

ಈಗ ಬದಿಗಿಟ್ಟ ಆ ಸಾಲಿಗೆ ಬರ್ತೀನಿ. ಹುಡುಕು-ಬದಲಿಸು ಅನ್ನೋದಕ್ಕೆ "ಗೊತ್ತಿಲ್ಲ" ಅನ್ನೋಕೆ ಬರೋದಿಲ್ಲ. ಅದು ಸರಿಯೋ ತಪ್ಪೋ, ಸಿಕ್ಕಿದ್ದಕ್ಕೆಲ್ಲ ಹಾಕಿ ಮುಂದೆ ಹೋಗುತ್ತದೆ. ಕೊನೆಗೆ ಇಷ್ಟು ಸಾವಿರ ಕಡೆ ಬದಲಿಸಿದೆ ಅಂತ ಹೆಮ್ಮೆಯಿಂದ ಹೇಳುತ್ತದೆ. ಫಂಕ್ಷನ್ನಿಗೆ ಗೊತ್ತಿಲ್ಲ ಅನ್ನೋಕೆ ಬರುತ್ತದೆ. ನನ್ನದು ಈಗ ಹಾಗೇ ಮಾಡುತ್ತದೆ. ಗುರುತು ಸಿಗದ ಚೂರಿನ ಸಾಲು ಬಂದರೆ, ಎರಡು ಅರ್ಕಾವತ್ತು ಒಟ್ಟಿಗೆ ಬಂದರೆ, ಗುಂಟೆ 40 ಮುಟ್ಟಿದರೆ, ಊರು ಕೋಷ್ಟಕದಲ್ಲಿ ಇಲ್ಲದಿದ್ದರೆ, ಮೂಲವನ್ನ ಹಾಗೇ ಬಿಟ್ಟು, ಸಾಲಿನ ನಂಬರ್ ಸಮೇತ ಬೇರೆ ಒಂದು ಫೈಲಿಗೆ ಬರೆದಿಡುತ್ತದೆ. ಮನುಷ್ಯರು ನೋಡಲಿ ಅಂತ.

ಹಳೇ 190 ಸಾಲಿನ ಕನ್ವರ್ಟರನ್ನ ನಾನು ತೆಗೆದು ಹಾಕಿದ್ದೀನಿ. ನಿಮ್ಮ ಹತ್ತಿರ ಅದರ ಕಾಪಿ ಇದ್ದರೆ ಡಿಲೀಟ್ ಮಾಡಿ, ಅದರಿಂದ ಮಾಡಿದ ಫೈಲು ಯಾರಿಗಾದರೂ ಕೊಟ್ಟಿದ್ದರೆ ಅವರಿಗೆ ಹೇಳಿ. ನಿಮ್ಮದೇ ಕನ್ವರ್ಟರ್ ಇದ್ದರೆ "ಮಲ್ಲಿಕಾರ್ಜುನ", "ಪ್ರೋತ್ಸಾಹ", "ಮತ್ತು", "ರ‍್ಯಾಂಕ್" ಈ ನಾಲ್ಕು ಪದ ಹಾಕಿ ನೋಡಿ. ನಾಲ್ಕೂ ಸರಿ ಬಂದರೆ ನನ್ನ ಜಗಳ ನಿಮ್ಮ ಜೊತೆ ಅಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಮೂಲ ನುಡಿ ಫೈಲನ್ನ ಆ ಹುಡುಗನ ಹತ್ತಿರ ಇಸಿದುಕೊಂಡು ಮತ್ತೆ ಓಡಿಸಿದೆವು. "ಗೊತ್ತಿಲ್ಲ" ಫೈಲಿನಲ್ಲಿ 14 ಸಾಲು ಉಳಿದವು. ಪ್ರಿಂಟ್ ತೆಗೆದು ಕಾಕಾನ ಮುಂದೆ ಇಟ್ಟೆ. ಚಷ್ಮಾ ಏರಿಸಿಕೊಂಡು ಒಂದೊಂದೇ ಓದಿ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋದರು. ಒಂಬತ್ತನೇ ಸಾಲಿಗೆ ನಿಂತು, "ಇಂವ ಸತ್ತು ಮೂರು ವರ್ಷ ಆತಲ್ಲೋ, ಇವನ್ನ ಯಾಕ ಇಟ್ಟಾರ?" ಅಂದರು. ಅದಕ್ಕೆ ನನ್ನ ಫಂಕ್ಷನ್ನಿನಲ್ಲಿ ಏನೂ ಇರಲಿಲ್ಲ.